ಶಾಪವೂ ಶೋಧವೂ

ಕೂಸಿನ ಮೈಮೇಲಿನ ಮಚ್ಚೆಗೆ ತಾಯಿಯನ್ನು ಹೊಣೆಮಾಡುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಬೆಳಗಾವಿಯ ಕಡೆಯ ಕಟಕೋಳದ ಸೀಮೆಯಲ್ಲಿಯೂ ಎದೆಬೆನ್ನುಗಳ ಮೇಲೆ ಚಹದ ಬಣ್ಣದ ಕಲೆಗಳು ಹೆಚ್ಚುತ್ತ ಬಂದರೆ, “ಗ್ರಹಣದಾಗ ಹೊರಗ ಬಂದಿದ್ದೇನವಾ?” ಎಂಬ ಪ್ರಶ್ನೆ ಮೊದಲು ಏಳುವುದು; ಪ್ರಾಯ ಬಂದಂತೆ ಅದೇ ಮೈಯಲ್ಲಿ ಮೆತ್ತನೆಯ ಗಂಟುಗಳೆದ್ದರೆ, ಆ ಪ್ರಶ್ನೆ ಗ್ರಹಣವನ್ನು ಬಿಟ್ಟು ಪೂರ್ವಜನ್ಮದ ಪಾಪವನ್ನು ಹಿಡಿಯುವುದು.

ಈ ಗಂಟುಗಳು ನರಗಳಿಂದ ಹುಟ್ಟುವುವೆಂದು ಜರ್ಮನಿಯ ವೈದ್ಯ ಫಾನ್ ರೆಕ್ಲಿಂಗ್‌ಹೌಸೆನ್ 1882ರಲ್ಲಿ ತೋರಿಸಿದನು. 17ನೆಯ ವರ್ಣತಂತುವಿನಲ್ಲಿರುವ, ಇದಕ್ಕೆ ಕಾರಣವಾದ ಜೀನು 1990ರಲ್ಲಿ ಪತ್ತೆಯಾಯಿತು. ಸುಮಾರು 3,000 ಜನನಗಳಲ್ಲಿ ಒಂದಕ್ಕೆ ಬರುವ ಈ ನ್ಯೂರೋಫೈಬ್ರೊಮಟೋಸಿಸ್, ಅರ್ಧದಷ್ಟು ರೋಗಿಗಳಲ್ಲಿ ತಂದೆತಾಯಿಗಳಿಂದ ಬಂದುದೇ ಅಲ್ಲ. ಅದು ಆ ರೋಗಿಗಳಲ್ಲಿಯೇ ಹೊಸದಾಗಿ ಒದಗಿದ ಜೀನಿನ ವ್ಯತ್ಯಾಸ. ಒಳಗಿನ ಗಂಟುಗಳನ್ನು ಕಾಣುವ ದಾರಿಯೂ ಈಗ ಇದೆ: ನೀರಿನಲ್ಲಿರುವ ಜಲಜನಕದ ಕಣಗಳನ್ನು ಕಾಂತಬಲದಿಂದ ಮಿಡಿಸಿ, ಕೊಬ್ಬಿನ ಹೊಳಪನ್ನು ಅಡಗಿಸಿ, ಕ್ಷ-ಕಿರಣದ ಹಂಗಿಲ್ಲದೆ ನೆತ್ತಿಯಿಂದ ಅಂಗಾಲಿನವರೆಗೆ ದೇಹವನ್ನು ಚಿತ್ರಿಸುವ ಎಂ.ಆರ್.ಐ. ಯಂತ್ರದಲ್ಲಿ, ಬೆನ್ನೆಲುಬಿನ ಮಗ್ಗುಲಿಗೂ ತೊಡೆಯ ಆಳಕ್ಕೂ ಕೈಗೆ ಸಿಕ್ಕದೆ ಅಡಗಿರುವ ಗಂಟುಗಳು ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಮೂಡುತ್ತವೆ.

ಆದರೆ ಮದ್ದಿಲ್ಲದುದನ್ನು ಕಂಡು ಫಲವೇನು? ಎಲ್ಲ ಗಂಟುಗಳಿಗೂ ಚಿಕಿತ್ಸೆಯಿಲ್ಲ, ಹಲವಕ್ಕೆ ಬೇಕಾಗಿಯೂ ಇಲ್ಲ. ಅರಿವಿಲ್ಲದವನ ನಿದ್ರೆಯೇ ಸುಖವೆನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದೊಡೆ ಆಳದ ಗಂಟುಗಳಲ್ಲಿ ಕೆಲವು ಮುಂದೆ ಅರ್ಬುದವಾಗಬಲ್ಲವು; ಯಾರ ಒಡಲಲ್ಲಿ ಅವು ಹೆಚ್ಚಾಗಿವೆಯೆಂಬುದು ಯೌವನಾರಂಭದಲ್ಲಿಯೇ ತಿಳಿದರೆ, ಅಂಥವರ ಮೇಲೆ ವೈದ್ಯರು ಕಣ್ಣಿಡಬಹುದು, ಹೊಸದಾಗಿ ನೋವು ಕಾಣಿಸಿದಾಗ ತಡಮಾಡದೆ ಪರೀಕ್ಷಿಸಬಹುದು. ಹೀಗೆ ಮುಂದಿನ ಕರ್ತವ್ಯಕ್ಕೆ ದಾರಿ ತೋರುವ ದರ್ಶನವು ಧರ್ಮ್ಯ. ಬರಿಯ ಕುತೂಹಲಕ್ಕಾಗಿ ಒಬ್ಬನ ಒಳಗನ್ನು ಅವನ ಮುಂದೆ ತೆರೆದಿಟ್ಟು ಭಯವನ್ನು ಬಿತ್ತುವುದು ಹಿಂಸೆ.

ಸವದತ್ತಿಯ ಗುಡ್ಡದ ಎಲ್ಲಮ್ಮನ ಕಥೆಯನ್ನು ಈ ಸೀಮೆಯವರು ಅರಿಯದವರಲ್ಲ: ಪತಿಯ ಶಾಪದಿಂದ ಮೈಯೆಲ್ಲ ಚರ್ಮರೋಗವಾಗಿ ಕಾಡುಪಾಲಾದ ರೇಣುಕೆಯ, ಅಂದರೆ ಎಲ್ಲಮ್ಮನ, ಹಿಂದಿನ ತಪ್ಪನ್ನು ಎಕ್ಕಯ್ಯ ಜೋಗಯ್ಯರೆಂಬ ಸಾಧುಗಳು ಎಣಿಸುತ್ತ ಕೂಡಲಿಲ್ಲ, ಗುಣವಾಗುವ ದಾರಿ ಹೇಳಿದರು. ಆ ಗುಡ್ಡದ ಬಳಿಯ ಜೋಗುಳಬಾವಿಯಲ್ಲಿ ಮಿಂದು ಆ ತಾಯಿಗೆ ಉಧೋ ಎನ್ನುವವರು, ಮನೆಗೆ ಮರಳಿ ಗಂಟಿನ ಮೈಯವನ ಪಂಕ್ತಿಯಲ್ಲಿ ಉಣ್ಣಲು ಹಿಂಜರಿಯುವುದು ಎಂತಹ ಭಕ್ತಿ?

ಕರ್ಮಸಿದ್ಧಾಂತವು ತನ್ನ ಮುಂದಿನ ನಡೆಗೆ ತಾನೇ ಹೊಣೆಯೆಂದು ಪ್ರತಿಯೊಬ್ಬನಿಗೂ ಕಲಿಸತಕ್ಕದ್ದು. ಪರರ ವ್ಯಾಧಿಗೆ ತೀರ್ಪು ಬರೆಯುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕಾದ ರೋಗಿಯ ಕೈಯಲ್ಲಿ ಬಸ್ಸಿನ ಖರ್ಚಿಗೆ ನಾಲ್ಕು ರೂಪಾಯಿ ಇಡುವವನು, ಅವನ ಪೂರ್ವಜನ್ಮವನ್ನು ವಿಚಾರಿಸುವವನಿಗಿಂತ ಕರ್ಮದ ಮರ್ಮವನ್ನು ಹೆಚ್ಚು ಬಲ್ಲವನು.