ಆಗ ಇಲ್ಲಿ ಏನೂ ಇರಲಿಲ್ಲ

ಊರಿನಿಂದ ಯಾರೇ ಬರಲಿ, ಚಹಾ ಆದ ಮೇಲೆ ಅಪ್ಪ ಅವರನ್ನು ಗ್ಯಾಲರಿಗೆ ಕರೆದುಕೊಂಡು ಹೋಗುತ್ತಾರೆ. ಐರೋಲಿಯ ನಮ್ಮ ಸೊಸೈಟಿಯ ಮೂರನೆಯ ಮಹಡಿಯಿಂದ ಠಾಣೆ-ಬೇಲಾಪುರ ರಸ್ತೆಯ ಕಡೆಗೆ ಗಾಜಿನ ಆಫೀಸುಗಳು, ಅವುಗಳಾಚೆ ಪಾರಸಿಕ ಗುಡ್ಡದ ತುದಿ ಕಾಣುತ್ತದೆ. ಅಪ್ಪ ಕೈ ಚಾಚಿ ಹೇಳುತ್ತಾರೆ: “ನಾವು ಬಂದಾಗ ಇಲ್ಲಿ ಏನೂ ಇರಲಿಲ್ರೀ. ಬರೇ ರಾಡಿ, ಮುಳ್ಳುಕಂಟಿ.” ಬಂದವರು ಅಚ್ಚರಿಯಿಂದ ತಲೆಯಾಡಿಸುತ್ತಾರೆ. ನಮ್ಮ ಮನೆತನದ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ಚರಿತ್ರೆ ದೊಡ್ಡದೇನಲ್ಲ. ಇಂಡಿ ತಾಲೂಕಿನಲ್ಲಿ ಅಜ್ಜ ಮತ್ತು ಅವನ ತಮ್ಮನಿಗೆ ಸೇರಿ ಎಂಟು ಎಕರೆ ಎರೆಹೊಲ. 1972ರ ಬರಗಾಲಕ್ಕೆ ಜೋಳ ತೆನೆ ಕಟ್ಟಲಿಲ್ಲ. ಇಬ್ಬರಲ್ಲಿ ಒಬ್ಬ ಹೋಗಬೇಕು, ಒಬ್ಬ ಇರಬೇಕು ಎಂದಾಯಿತು. ಅಜ್ಜ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ರೈಲು ಹತ್ತಿ ಸೊಲ್ಲಾಪುರಕ್ಕೆ, ಅಲ್ಲಿಂದ ಪಡುವಣಕ್ಕೆ, ಮುಂಬಯಿಗೆ ಬಂದ. ದೀಘಾದ ಗುಡಿಸಲು, ಕಲ್ಲಿನ ಕ್ವಾರಿ, ಆಮೇಲೆ ಎಂಐಡಿಸಿಯ ಒಂದು ಕಾರ್ಖಾನೆ. ಅಪ್ಪನ ಕಾಲಕ್ಕೆ ಸಿಡ್ಕೋದ ಒಂದು ಕೋಣೆಯ ಮನೆ, ನನ್ನ ಕಾಲಕ್ಕೆ ಈ ಫ್ಲ್ಯಾಟು. ಈ ಪತ್ರಿಕೆಯನ್ನು ಓದುವ ಬಹುತೇಕರ ಮನೆಯಲ್ಲಿ ಊರಿನ ಹೆಸರು ಬದಲಿಸಿದರೆ ಇದೇ ಕತೆ ಇದ್ದೀತು.

ಕಳೆದ ಯುಗಾದಿಯ ಹೊತ್ತಿಗೆ ಊರಿನಿಂದ ಫೋನು ಬಂತು. ಅಜ್ಜನ ತಮ್ಮನ ಮಗ, ನನಗೆ ಕಾಕಾ. ಎಂಟು ಎಕರೆಯಲ್ಲಿ ನಾಲ್ಕರ ಉತಾರ ಇನ್ನೂ ಅಪ್ಪನ ಹೆಸರಿನಲ್ಲಿದೆ. ಕಾಕಾನಿಗೆ ನಿಂಬೆ ಹಚ್ಚಬೇಕು, ಬೋರು ಹಾಕಿಸಬೇಕು, ಸಾಲ ಬೇಕು. “ಅಣ್ಣಾ, ನೀವಂತೂ ಈ ಹೊಲಾ ಮಾಡಾಂಗಿಲ್ಲ. ಒಂದ್ ಸಹಿ ಹಾಕಿ ಕೊಡ್ರಿ” ಎಂದ. ಅಪ್ಪ ನೋಡೋಣ ಎಂದು ಫೋನಿಟ್ಟರು. ಆಮೇಲೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. “ಹಿರಿಯರ ಹೊಲ. ಹ್ಯಾಂಗ ಬಿಡೂದು?” ಎಂಬ ಒಂದೇ ಮಾತು.

ಅದೇ ದಿನಗಳಲ್ಲಿ ನಾನು ಬೇರೊಂದು ಮನೆತನದ ಕತೆಯನ್ನು ಓದುತ್ತಿದ್ದೆ. ಚಾರ್ಲ್ಸ್ ಇಂಗಲ್ಸ್ ಎಂಬ ಅಮೆರಿಕದ ರೈತನದು. 1836ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವನು. ಇಲಿನಾಯ್, ವಿಸ್ಕಾನ್ಸಿನ್, ಕ್ಯಾನ್ಸಸ್, ಮಿನೆಸೋಟಾ, ಕೊನೆಗೆ ಡಕೋಟಾ ಎಂದು ಜೀವನವಿಡೀ ಹೆಚ್ಚಾಗಿ ಪಡುವಣಕ್ಕೇ ಗಾಡಿ ಕಟ್ಟಿದವನು. ಮಿನೆಸೋಟಾದಲ್ಲಿ ಅವನ ಗೋಧಿಯನ್ನು ಮಿಡತೆಗಳು ತಿಂದು ಹಾಕಿದವು. ನಮ್ಮ ಅಜ್ಜನಿಗೆ ಬರ, ಅವನಿಗೆ ಮಿಡತೆ. 1862ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ 160 ಎಕರೆ ಭೂಮಿಯಲ್ಲಿ ಮನೆ ಕಟ್ಟಿ ಐದು ವರ್ಷ ವಾಸಿಸಿ ಉತ್ತರೆ ಅದು ನಿಮ್ಮದು. ಡಕೋಟಾದಲ್ಲಿ ಅವನು ಹಾಗೆ ಪಡೆದ. ಅವನ ಮಗಳು ಲಾರಾ ಮುಂದೆ ಇದನ್ನೆಲ್ಲ ಮಕ್ಕಳ ಕಾದಂಬರಿಗಳಾಗಿ ಬರೆದದ್ದರಿಂದ ಒಬ್ಬ ಸಾಧಾರಣ ಒಕ್ಕಲಿಗನ ಕುಟುಂಬ ಜಗತ್ತಿಗೆಲ್ಲ ಗೊತ್ತಾಯಿತು.

ಕ್ಯಾನ್ಸಸ್ಸಿನ ಭಾಗ ಮಾತ್ರ ತೊಡಕಿನದು. 1869ರ ಸುಮಾರಿಗೆ ಚಾರ್ಲ್ಸ್ ಮನೆ ಕಟ್ಟಿದ ಜಾಗ ಓಸೇಜ್ ಜನರಿಗೆ ಸೇರಿದ್ದು. ಕಟ್ಟುವ ಹಕ್ಕು ಅವನಿಗೆ ಇರಲಿಲ್ಲ. ಅವನು ಒಂದೆರಡು ವರ್ಷದಲ್ಲಿ ಅಲ್ಲಿಂದ ಹೊರಟುಹೋದ. ಆದರೆ ಅವನಂಥ ಸಾವಿರಾರು ಜನ ಬಂದು ಕೂತದ್ದರಿಂದ ಓಸೇಜರೇ ಆ ನೆಲ ಬಿಟ್ಟು ಇಂದಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಈ ದಿನಗಳ ಕುರಿತು ಲಾರಾ ಬರೆದ, 1935ರಲ್ಲಿ ಬಂದ ಕಾದಂಬರಿಯ ಆರಂಭದಲ್ಲಿ ಆ ಸೀಮೆಯಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಎಂಬರ್ಥದ ಮಾತಿತ್ತು. ಸುಮಾರು 17 ವರ್ಷ ಅದು ಹಾಗೆಯೇ ಅಚ್ಚಾಗುತ್ತ ಹೋಯಿತು. ಓದುಗರೊಬ್ಬರು ಆಕ್ಷೇಪಿಸಿ ಪತ್ರ ಬರೆದಾಗ ಲೇಖಕಿಗೂ ನಾಚಿಕೆಯಾಗಿ, ‘ಜನರು’ ಎಂಬಲ್ಲಿ ‘ವಲಸಿಗರು’ ಎಂಬ ಅರ್ಥದ ಪದ ಬಂತು. ಲೇಖಕಿ ಕೆಟ್ಟವಳಲ್ಲ, ಸುಳ್ಳು ಹೇಳಬೇಕೆಂದವಳೂ ಅಲ್ಲ. ಅಪ್ಪನಿಂದ ಕೇಳಿದ ಕತೆಯನ್ನು ಅಪ್ಪನ ಕಣ್ಣಿನಿಂದ ನೋಡಿದಳು, ಅಷ್ಟೆ.

ಅದನ್ನು ಓದಿದಾಗ ನನಗೆ ನಮ್ಮ ಗ್ಯಾಲರಿ ನೆನಪಾಯಿತು.

ಏನೂ ಇಲ್ಲದ ಐರೋಲಿಯಲ್ಲಿ ಏನಿತ್ತು? ಐರೋಲಿ ಗಾಂವ್ ಇತ್ತು, ದಿವಾ, ರಬಾಳೆ, ಘಣಸೋಲಿ ಇದ್ದವು. ಆಗ್ರಿಗಳು ಖಾಡಿಯ ಉಪ್ಪುನೀರಿಗೆ ಮಣ್ಣಿನ ಒಡ್ಡು ಕಟ್ಟಿ ಭತ್ತ ಬೆಳೆಯುತ್ತಿದ್ದರು, ಕೆಲವರು ಉಪ್ಪು ತೆಗೆಯುತ್ತಿದ್ದರು. ಕೋಳಿಗಳು ಮೀನು ಹಿಡಿಯುತ್ತಿದ್ದರು. ಅಪ್ಪ ರಾಡಿ ಎನ್ನುವುದು ಬಹುಶಃ ಒಡ್ಡು ಒಡೆದ ಗದ್ದೆ. 1970ರಲ್ಲಿ ಸಿಡ್ಕೋ ಹುಟ್ಟಿತು, 95 ಹಳ್ಳಿಗಳ ಭೂಮಿ ಹೊಸ ಶಹರಕ್ಕೆಂದು ಸ್ವಾಧೀನಕ್ಕೆ ಬಂತು. ಪರಿಹಾರ ಸಾಲದೆಂದು ದಿ.ಬಾ. ಪಾಟೀಲರ ನೇತೃತ್ವದಲ್ಲಿ ನಡೆದ ಚಳವಳಿಯಲ್ಲಿ 1984ರ ಜನವರಿ 16 ಮತ್ತು 17ರಂದು ಉರಣ ತಾಲೂಕಿನಲ್ಲಿ ಪೊಲೀಸರ ಗುಂಡಿಗೆ ಐದು ಜನ ಸತ್ತರು. ವಶಪಡಿಸಿಕೊಂಡ ಭೂಮಿಯಲ್ಲಿ 12.5 ಪ್ರತಿಶತದಷ್ಟನ್ನು ಅಭಿವೃದ್ಧಿಪಡಿಸಿ ಮರಳಿ ಕೊಡುವ ಯೋಜನೆ ಬಂದದ್ದು ಆ ಹೋರಾಟದ ಫಲ. ನಮ್ಮ ಅಜ್ಜ ಕ್ವಾರಿಯಿಂದ ಬರುವ ದಾರಿಯಲ್ಲಿ ಈ ಜನರನ್ನು ದಿನವೂ ನೋಡಿರಬೇಕು, ಅವರಿಂದ ಸುಕ್ಕಾ ಬೊಂಬಿಲ್ ಕೊಂಡಿರಬೇಕು. ಕತೆಯಲ್ಲಿ ಮಾತ್ರ ಅವರಿಲ್ಲ.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನಾವೇನು ಕಸಗೊಂಡೇವೇನು? ರೊಕ್ಕಾ ಕೊಟ್ಟು ತಗೊಂಡೀವಿ. ನಿಮ್ಮಜ್ಜ ಕಲ್ಲು ಒಡೆದು, ಎದ್ಯಾಗ ಧೂಳ ತುಂಬಿಕೊಂಡು ಸತ್ತ. ಈ ಊರು ಕಟ್ಟಿದವರು ನಾವು” ಎಂದರು. ಆ ಮಾತಿನಲ್ಲಿ ಸತ್ಯವಿದೆ. ಚಾರ್ಲ್ಸ್ ಇಂಗಲ್ಸನಿಗೂ ನಮಗೂ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ. ಅವನ ಬೆನ್ನಿಗೆ ಒಂದು ಸರಕಾರ, ಒಂದು ಸೈನ್ಯ ಇತ್ತು, ನಮ್ಮ ಅಜ್ಜನ ಬೆನ್ನಿಗೆ ಹಸಿವು ಮಾತ್ರ ಇತ್ತು. ಇಲ್ಲಿಯ ನೆಲ ಕೊಂಡದ್ದು ಅವನಲ್ಲ. ತಪ್ಪಿತಸ್ಥರ ಪಟ್ಟಿಯಲ್ಲಿ ಅವನ ಹೆಸರು ಬರೆಯಲು ನನಗೆ ಮನಸ್ಸಿಲ್ಲ.

ಆದರೆ ಅಪ್ಪನ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಐರೋಲಿ ನಮ್ಮದು, ಏಕೆಂದರೆ ನಾವಿಲ್ಲಿ ದುಡಿದೆವು. ಇಂಡಿಯ ಹೊಲ ನಮ್ಮದು, ಏಕೆಂದರೆ ಅದು ಹಿರಿಯರದು. ದುಡಿಮೆಯಿಂದ ಹಕ್ಕು ಬರುತ್ತದೆ ಎಂಬುದು ಹಳೆಯ ವಾದ. ಇಂಗ್ಲೆಂಡಿನ ಜಾನ್ ಲಾಕ್ 17ನೆಯ ಶತಮಾನದಲ್ಲೇ ಅದನ್ನು ಮಂಡಿಸಿದ್ದ; ಹೋಮ್‌ಸ್ಟೆಡ್ ಕಾಯಿದೆಯಲ್ಲಿ ಇದ್ದದ್ದೂ ಅದರ ನೆರಳೇ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯಲ್ಲಿ, ಉಳುವವನೇ ಹೊಲದೊಡೆಯ ಎಂಬ ಹೆಸರಿನಿಂದ ನಮ್ಮ ಹಳ್ಳಿಗಳಿಗೆ ಬಂದ ಮಾತೂ ಅದರ ದಾಯಾದಿ. ಹಿರಿಯರಿಂದ ಹಕ್ಕು ಬರುತ್ತದೆ ಎಂಬುದು ಇನ್ನೂ ಹಳೆಯ ವಾದ. ಎರಡರಲ್ಲಿ ಯಾವುದನ್ನಾದರೂ ಹಿಡಿಯಬಹುದು. ದುಡಿಮೆಯನ್ನು ಹಿಡಿದರೆ 50 ವರ್ಷ ಆ ನಾಲ್ಕು ಎಕರೆಯನ್ನು ಹರಗಿದವರು, ಬಿತ್ತಿದವರು ಸಣ್ಣಜ್ಜ ಮತ್ತು ಕಾಕಾ, ಹೊಲ ಅವರದು. ಹಿರಿಯರನ್ನು ಹಿಡಿದರೆ ಐರೋಲಿಯಲ್ಲಿ ಮೊದಲು ಮಾತಾಡಬೇಕಾದವರು ಆಗ್ರಿಗಳು, ನಾವಲ್ಲ. ನಾವು ಎರಡನ್ನೂ ಹಿಡಿದಿದ್ದೇವೆ, ಎಲ್ಲಿ ಯಾವುದು ಲಾಭವೋ ಅಲ್ಲಿ ಅದನ್ನು. ವಲಸೆ ಬಂದವರಿಗೆ ಈ ಅನುಕೂಲ ತಾನಾಗಿ ಸಿಗುತ್ತದೆ, ಏಕೆಂದರೆ ನಮ್ಮ ಎರಡು ಊರುಗಳು ಒಂದನ್ನೊಂದು ನೋಡುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ಉತ್ತರವಿದೆ, ಅದನ್ನು ಅಮ್ಮ ಕೊಟ್ಟಳು. ಅಜ್ಜ ತಿಂಗಳು ತಿಂಗಳು ಮನಿಯಾರ್ಡರ್ ಕಳಿಸುತ್ತಿದ್ದ. ಊರಿನ ಬಾವಿ ತೋಡಿಸಿದ್ದು ಕ್ವಾರಿಯ ದುಡ್ಡಿನಿಂದ. ಹಾಗಾದರೆ ಅವನ ದುಡಿಮೆಯೂ ಆ ಹೊಲದಲ್ಲಿದೆ. ನಿಜ. ಆದರೆ ಅಜ್ಜ ನಿಶ್ಚಿಂತೆಯಿಂದ ಇಲ್ಲಿರಲು ಸಾಧ್ಯವಾದದ್ದು ಮುದಿ ತಾಯಿಯನ್ನು ಸಣ್ಣಜ್ಜ ಅಲ್ಲಿ ನೋಡಿಕೊಂಡದ್ದರಿಂದ. ಇದನ್ನು ಯಾವ ಉತಾರದಲ್ಲಿ ಬರೆಯುವುದು? ಹೊರಟವರ ಸಾಹಸಕ್ಕೆ ಕತೆ ಇದೆ. ಉಳಿದವರದು ಕತೆಯಾಗುವುದಿಲ್ಲ, ಏಕೆಂದರೆ ಅವರು ಎಲ್ಲಿಗೂ ಹೋಗಲಿಲ್ಲ.

ಲೆಕ್ಕ ಇಷ್ಟಕ್ಕೆ ಮುಗಿಯಿತೆಂದುಕೊಂಡಾಗ ಅಪ್ಪನೇ ಟ್ರಂಕಿನಿಂದ ಹಳೆಯ ಕಾಗದ ತೆಗೆದರು. ಅಜ್ಜ ಸತ್ತ ಮೇಲೆ ವಾರಸಾ ಮಾಡಿಸಿದಾಗಿನದು. ಅದರಲ್ಲಿ ಹಕ್ಕು ಬಿಟ್ಟುಕೊಟ್ಟ ಒಂದು ಸಹಿ ಇದೆ. ಜತ್ತಕ್ಕೆ ಕೊಟ್ಟ ಅತ್ತೆಯದು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕಾನೂನಾಗಿ, 1994ರಲ್ಲಿ, ಎಷ್ಟೋ ವರ್ಷದ ಮೇಲಿನ ಕಾಗದ ಅದು. ಆವತ್ತು ಅವಳನ್ನು ಕರೆಸಿ, ಊಟ ಹಾಕಿ, ಒಂದು ಇಳಕಲ್ ಸೀರೆ ಕೊಟ್ಟು ಸಹಿ ಮಾಡಿಸಿದ್ದರು. ಅವಳು ಎರಡು ದಿನ ಮಾತು ಬಿಡಲಿಲ್ಲ. ಹಿರಿಯರ ಹೊಲ ಹೇಗೆ ಬಿಡುವುದೆಂದು ಕೇಳಲೂ ಇಲ್ಲ, ಅಥವಾ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಅಜ್ಜ ಹೊರಟ ಮೇಲೆ ಮದುವೆಯಾಗುವ ತನಕ ಅದೇ ಹೊಲದಲ್ಲಿ ಕಳೆ ತೆಗೆದವಳು ಅವಳು. ದುಡಿಮೆಯನ್ನು ಹಿಡಿದರೂ, ಹಿರಿಯರನ್ನು ಹಿಡಿದರೂ ಅವಳಿಗೆ ಪಾಲಿತ್ತು.

ಅಪ್ಪ ಬಹಳ ಹೊತ್ತು ಆ ಕಾಗದ ನೋಡಿದರು. “ಇಕೀನ ಕೇಳಲಾರದ ನಾ ಸಹಿ ಹಾಕಾಂಗಿಲ್ಲ” ಎಂದರು.

ನಾವು ಅಷ್ಟಕ್ಕೆ ಬಂದು ನಿಂತಿದ್ದೇವೆ. ಕಾಕಾನಿಗೆ ಹೊಲ ಸಿಗುತ್ತದೆ, ಅದರಲ್ಲಿ ಅಪ್ಪನಿಗೂ ಈಗ ಅನುಮಾನವಿಲ್ಲ. ಅತ್ತೆಗೆ ಏನು, ಎಷ್ಟು ಎಂಬುದು ಅವಳೆದುರು ಕೂತೇ ತೀರ್ಮಾನವಾಗಬೇಕು. ಅವಳು ಏನೂ ಬೇಡ ಎನ್ನಬಹುದು, ಆ ಬೇಡವನ್ನು ಈ ಸಲ ಸುಲಭಕ್ಕೆ ನಂಬಬಾರದು ಎಂದು ಅಮ್ಮ ಎಚ್ಚರಿಸಿದ್ದಾಳೆ. ಮುಂದಿನ ತಿಂಗಳು ಮೊದಲು ಜತ್ತ, ಆಮೇಲೆ ಇಂಡಿ. ಟಿಕೆಟು ತೆಗೆದಾಗಿದೆ.

ಐರೋಲಿ ಗಾಂವಿನವರಿಗೆ ನಾವು ಏನು ಕೊಡಬಲ್ಲೆವು ಎಂಬುದು ಇನ್ನೂ ಕಷ್ಟದ ಪ್ರಶ್ನೆ; ಸಹಿ ಹಾಕಿ ಬಿಟ್ಟುಕೊಡುವಂಥದ್ದು ನಮ್ಮಲ್ಲಿ ಏನೂ ಇಲ್ಲ. ಮನೆಗೆ ಬಂದವರಿಗೆ ಹೇಳುವ ಮೊದಲ ವಾಕ್ಯವನ್ನಾದರೂ ತಿದ್ದಬಹುದು. ಹೋದ ವಾರ ವಿಜಯಪುರದಿಂದ ಬಂದ ಒಬ್ಬರನ್ನು ಅಪ್ಪ ಎಂದಿನಂತೆ ಗ್ಯಾಲರಿಗೆ ಕರೆದೊಯ್ದರು. “ನಾವು ಬಂದಾಗ ಇಲ್ಲಿ…” ಎಂದು ಶುರುಮಾಡಿ, ನನ್ನ ಕಡೆ ಒಮ್ಮೆ ನೋಡಿ, “ಇಲ್ಲಿ ಭತ್ತಾ ಬೆಳೀತಿದ್ರು” ಎಂದರು. ಬಂದವರು ಯಾರು ಎಂದು ಕೇಳಿದರು. ಆವತ್ತಿನ ಮಾತು ಬಹಳ ಹೊತ್ತು ನಡೆಯಿತು.