ಶಾಸನಕ್ಕೆ ಬಾರದ ಪ್ರಸಾದಗಳು

ಹಳೇಬೀಡಿಗೆ ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರನ ಭಿತ್ತಿಗಳನ್ನು ಸುತ್ತಿ ಹಿಂದಿರುಗುವರು. ಸ್ವಲ್ಪ ದೂರದ ಬಸ್ತಿಹಳ್ಳಿಯ ಮೂರು ಬಸದಿಗಳವರೆಗೆ ನಡೆಯುವ ತಾಳ್ಮೆ ಕೆಲವರಿಗೆ ಮಾತ್ರ ಉಂಟು. ನಡೆದವರೂ ಪಾರ್ಶ್ವನಾಥ ಬಸದಿಯ ಕಡೆದ ಕರಿಗಂಬಗಳ ನುಣುಪಿನಲ್ಲಿ ತಮ್ಮ ಪ್ರತಿಬಿಂಬವನ್ನು ಕಂಡು ಸಂತೋಷಪಡುವರೇ ಹೊರತು, ಆ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರು ಬಂದ ಬಗೆಯನ್ನು ವಿಚಾರಿಸುವವರು ವಿರಳ.

ದಂಡನಾಯಕ ಗಂಗರಾಜನ ಮಗನಾದ ಬೊಪ್ಪದೇವನು 1133ರಲ್ಲಿ ತಂದೆಯ ಸ್ಮರಣಾರ್ಥವಾಗಿ ಈ ಜಿನಾಲಯವನ್ನು ಕಟ್ಟಿಸಿ ಪ್ರತಿಷ್ಠೆ ಮಾಡಿಸಿದಾಗ, ಪೂಜಕರು ಗಂಧೋದಕವನ್ನೂ ಶೇಷಾಕ್ಷತೆಯನ್ನೂ ಪ್ರಸಾದವಾಗಿ ಹೊತ್ತು ಬಂಕಾಪುರದಲ್ಲಿದ್ದ ಹೊಯ್ಸಳ ಅರಸ ವಿಷ್ಣುವರ್ಧನನ ಬಳಿಗೆ ಹೋದರೆಂದೂ, ಅದೇ ಸಮಯಕ್ಕೆ ಅರಸನು ಮಸಣನೆಂಬ ಶತ್ರುವನ್ನು ಸಂಹರಿಸಿದ್ದನೆಂದೂ, ರಾಣಿ ಲಕ್ಷ್ಮೀದೇವಿಯು ಗಂಡುಮಗುವನ್ನು ಹೆತ್ತಿದ್ದಳೆಂದೂ ಶಾಸನವು ಹೇಳುತ್ತದೆ. ಅರಸನು ಎದ್ದು ಕೈಮುಗಿದು, ಈ ಪ್ರತಿಷ್ಠೆಯ ಪುಣ್ಯದಿಂದಲೇ ಜಯವೂ ಪುತ್ರಲಾಭವೂ ಉಂಟಾದುವೆಂದು ಭಾವಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು.

ಅರಸನ ಭಕ್ತಿಯನ್ನು ತಕ್ಕಡಿಗೆ ಹಾಕುವುದು ನನ್ನ ಉದ್ದೇಶವಲ್ಲ. ಮೂರು ಸಂತೋಷಗಳು ಒಂದೇ ಹೊತ್ತಿಗೆ ಕೂಡಿಬಂದಾಗ ಕೃತಜ್ಞತೆಯಿಂದ ತಲೆಬಾಗುವುದು ಮನುಷ್ಯನಿಗೆ ಸಹಜ. ಆದರೆ ಕೃತಜ್ಞತೆ ಬೇರೆ, ಅನುಮಾನಪ್ರಮಾಣ ಬೇರೆ. ಪ್ರಸಾದವು ಬಂದರೆ ಜಯವು ಸಿದ್ಧವೆಂದು ನಂಬಿ ಮುಂದಿನ ಯುದ್ಧಕ್ಕೆ ಹೊರಡುವ ದಳಪತಿಯು ಒಂದೆರಡು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಎಷ್ಟು ಪ್ರಸಾದಗಳು ಸೋಲಿನ ದಿನದಂದು ಪಾಳೆಯಕ್ಕೆ ಬಂದುವು? ಯಾವ ಪ್ರಸಾದವೂ ಬಾರದೆ ದೊರೆತ ಜಯಗಳೆಷ್ಟು? ಇವಕ್ಕೆ ಕಲ್ಲಿನಲ್ಲಿ ಉತ್ತರವಿಲ್ಲ. ಸೋತ ದಿನದ ಪ್ರಸಾದಕ್ಕೆ ಶಾಸನ ಹಾಕಿಸುವವರು ಯಾರು?

ಇಂದಿಗೂ ಅರಸೀಕೆರೆಯ ಕಡೆಯ ಒಣಭೂಮಿಯಲ್ಲಿ ಕೊಳವೆಬಾವಿ ಕೊರೆಸುವ ರೈತನು, ನೀರು ನೋಡುವವನನ್ನು ಕರೆಸಿ, ಅವನ ಅಂಗೈಯಲ್ಲಿ ಅಡ್ಡಲಾಗಿಟ್ಟ ತೆಂಗಿನಕಾಯಿ ಜುಟ್ಟೆತ್ತಿ ನಿಂತ ಕಡೆ ಪಾಯಿಂಟ್ ಗುರುತು ಮಾಡಿಸುವುದುಂಟು. ನೀರು ಬಿದ್ದ ಬಾವಿಯ ಕಥೆ ಸಂತೆಯವರೆಗೆ ಹೋಗುತ್ತದೆ. ಬರೀ ಧೂಳೆದ್ದ ಬಾವಿಯ ಕಥೆ ಸಾಲಪತ್ರದೊಳಗೆ ಉಳಿಯುತ್ತದೆ. ಹತ್ತು ಕಡೆ ಕೊರೆದರೆ ಎಂಟು ಕಡೆ ನೀರು ಸಿಕ್ಕುವ ಊರೆಂದಿಟ್ಟುಕೊಳ್ಳೋಣ. ಅಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದವನೂ ಎಂಟು ಸಲ ಗೆಲ್ಲುವನಾದ್ದರಿಂದ, ಕಾಯಿಯ ಮಹಿಮೆಯು ಎಂಟನ್ನು ಮೀರಿದ ಮೇಲೆ ಮೊದಲಾಗತಕ್ಕದ್ದು.

ಇಂತಹ ಎಣಿಕೆಗೆ ಬೇಕಾದ ವಿವೇಕವು ಆ ಬಸದಿಯ ಮತದಲ್ಲಿಯೇ ಇದೆಯೆಂಬುದು ಸ್ವಾರಸ್ಯ. ಜೈನರ ಸ್ಯಾದ್ವಾದದ ಪ್ರಕಾರ ವಸ್ತುವು ಒಂದು ಅಪೇಕ್ಷೆಯಿಂದ ಇದೆ, ಇನ್ನೊಂದರಿಂದ ಇಲ್ಲ. ಕ್ರಮವಾಗಿ ಹೇಳಿದರೆ ಇದೆ ಮತ್ತು ಇಲ್ಲ. ಏಕಕಾಲದಲ್ಲಿ ಹೇಳಹೊರಟರೆ ಅವಕ್ತವ್ಯ, ಎಂದರೆ ಹೇಳಲಾಗದ್ದು. ಅವಕ್ತವ್ಯವು ಮೊದಲ ಮೂರರೊಡನೆ ಕೂಡಿ ಒಟ್ಟು ಏಳು ಭಂಗಗಳು, ಎಂದರೆ ಹೇಳುವ ಬಗೆಗಳು. ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಮಹಾಲನೋಬಿಸರು 1954ರ ಲೇಖನವೊಂದರಲ್ಲಿ ಈ ಸ್ಯಾದ್ವಾದವನ್ನು ಸಂಖ್ಯಾಶಾಸ್ತ್ರದ ತಾರ್ಕಿಕ ತಳಹದಿಗೆ ಹೋಲಿಸಿದರು. ಜೀವವಿಜ್ಞಾನಿ ಹಾಲ್ಡೇನರು 1957ರಲ್ಲಿ ಅದೇ ವಿಚಾರವನ್ನು ಮುಂದುವರಿಸಿದರು. ಈ ಹೋಲಿಕೆಯಲ್ಲಿ ಸ್ವಲ್ಪ ಆತುರವಿದೆಯೆಂದು ನನಗೆ ತೋರುತ್ತದೆ. ಜೈನ ತಾರ್ಕಿಕನಿಗೆ ಪ್ರತಿಯೊಂದು ಭಂಗವೂ ತನ್ನ ಅಪೇಕ್ಷೆಯಲ್ಲಿ ನಿಶ್ಚಿತವೇ. ಹತ್ತರಲ್ಲಿ ಎಷ್ಟು ಎಂಬ ಲೆಕ್ಕವು ಅವನ ಸಿದ್ಧಾಂತದಲ್ಲಿಲ್ಲ. ಆದರೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಹೇಳದೆ ಆಡಿದ ಮಾತು ಅಪೂರ್ಣವೆಂಬ ಅವನ ನಿಯಮವಿಲ್ಲದೆ ಯಾವ ಲೆಕ್ಕಕ್ಕೂ ಅರ್ಥವಿಲ್ಲ. ನೀರಿದೆಯೆ ಎಂಬ ಪ್ರಶ್ನೆಗೆ, ಯಾವ ಹೊಲದಲ್ಲಿ, ಎಷ್ಟು ಆಳಕ್ಕೆ, ಎಂತಹ ಮಳೆಯ ವರ್ಷದಲ್ಲಿ ಎಂಬುದು ಸೇರಿದಾಗಲೇ ನೆರೆಯ ಬಾವಿಗಳ ಎಣಿಕೆಯು ಪ್ರಮಾಣವಾಗುತ್ತದೆ.

ಇಷ್ಟಾದರೂ ಸಂಖ್ಯೆಯು ತೀರ್ಮಾನವನ್ನು ಕೊಡುವುದಿಲ್ಲ. ಹತ್ತರಲ್ಲಿ ನಾಲ್ಕು ಎಂಬ ಸಂಭವವನ್ನೇ ಇಬ್ಬರು ಕೇಳಿದರೆಂದು ತಿಳಿಯೋಣ. ಒಬ್ಬನ ತೋಟದಲ್ಲಿ ಅಜ್ಜ ನೆಟ್ಟ ತೆಂಗಿನಮರಗಳು ಸುಳಿಯೊಣಗುತ್ತಿವೆ, ಕೈಯಲ್ಲಿ ಹಣವೂ ಇದೆ. ಇನ್ನೊಬ್ಬನದು ಮಳೆಯಾಶ್ರಯದ ರಾಗಿಯ ಹೊಲ, ಸಾಲಕ್ಕೆ ಅದನ್ನೇ ಒತ್ತೆಯಿಡಬೇಕು. ಮೊದಲನೆಯವನು ಕೊರೆಸುವುದೂ ಎರಡನೆಯವನು ಬಿಡುವುದೂ ಎರಡೂ ವಿವೇಕವೇ. ಮೊದಲನೆಯವನಿಗೆ ಒಣಬಾವಿಯೇ ಸಿಕ್ಕಿದರೂ ಅವನ ನಿರ್ಧಾರವು ಅದರಿಂದ ತಪ್ಪಾಗದು. ಲೆಕ್ಕ ಮುಗಿದ ಮೇಲೆ ಬಾವಿ ಕೊರೆಯುವ ಲಾರಿಗೆ ಪೂಜೆ ಮಾಡಿ ಕಾಯಿ ಒಡೆಯುವನಾದರೆ, ಅದಕ್ಕೆ ಏಳು ಭಂಗಗಳಲ್ಲಿ ಯಾವುದರ ಆಕ್ಷೇಪವೂ ಇರಲಾರದು.