ಈರ್ಯಾಸಮಿತಿಯೂ ಊರಿನ ಬೀದಿಯೂ

ಜೈನಧರ್ಮದಲ್ಲಿ ನಡಿಗೆಯೂ ಒಂದು ಆಚಾರ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಸಣ್ಣ ಜೀವಿಗೂ ನೋವಾಗದಂತೆ ಹೆಜ್ಜೆಯಿಡುವುದೇ ಅದರ ತಾತ್ಪರ್ಯ. ಗೃಹಸ್ಥನಿಗೆ ಅಷ್ಟು ಕಠಿಣ ನಿಯಮವಿಲ್ಲದಿದ್ದರೂ ಅದರ ಹಿಂದಿರುವ ಜಾಗರೂಕತೆ ಎಲ್ಲರಿಗೂ ವಿಹಿತವಾದುದು. ಆದರೆ ಇಂದಿನ ಪೇಟೆಯ ರಸ್ತೆಯಲ್ಲಿ ನೆಲ ನೋಡಿ ನಡೆಯುವವನು ಲಾರಿಗೆ ಸಿಕ್ಕಿಕೊಳ್ಳುತ್ತಾನೆ. ಲಾರಿ ನೋಡಿ ನಡೆಯುವವನು ಚರಂಡಿಗೆ ಬೀಳುತ್ತಾನೆ. ಎಚ್ಚರದಿಂದ ನಡೆಯಲು ಎಡೆಯೇ ಇಲ್ಲದಂತೆ ಬೀದಿಯನ್ನು ಕಟ್ಟಿದ ಮೇಲೆ ಎಚ್ಚರದ ಹೊಣೆ ಯಾರದು? ಇದು ಎಂಜಿನಿಯರುಗಳಿಗೆ ಮಾತ್ರ ಬಿಡಬಹುದಾದ ಪ್ರಶ್ನೆಯಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಇವೆಲ್ಲ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಹಳ್ಳಿಗಳಿಂದ ಬಸ್ಸಿನಲ್ಲಿ ಬಂದಿಳಿದವರು ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ ನಡೆದೇ ಹೋಗುವ ಊರುಗಳಿವು. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವಕ್ಕೆ ದಾವಣಗೆರೆ ಮೊದಲಾದ ಕಡೆಗಳಿಂದ ಸಾವಿರಾರು ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಜನರು ನೀರು, ಪ್ರಸಾದ ಕೊಟ್ಟು ಉಪಚರಿಸುತ್ತಾರೆ. ಆ ಕೆಲವು ದಿನ ನಡೆಯುವವನೇ ರಸ್ತೆಯ ಅತಿಥಿ. ನಮ್ಮ ಸಮಾಜದಲ್ಲಿಯೂ ಮುನಿಸಂಘದ ವಿಹಾರಕಾಲದಲ್ಲಿ ತರುಣರು ಹಿಂದೆ ಮುಂದೆ ನಿಂತು ವಾಹನಗಳನ್ನು ತಡೆಯುತ್ತಾರೆ. ಹೀಗಿದ್ದೂ ವಿಹಾರಮಾರ್ಗದಲ್ಲಿ ವಾಹನ ಬಡಿದು ತ್ಯಾಗಿಗಳು ಪ್ರಾಣಬಿಟ್ಟ ಘಟನೆಗಳು ದೇಶದಲ್ಲಿ ನಡೆದಿವೆ. ಯಾತ್ರಿಕನಿಗೂ ತ್ಯಾಗಿಗೂ ನಾವು ತೋರುವ ಈ ಕಾಳಜಿ ಅದೇ ಹಾದಿಯಲ್ಲಿ ಶಾಲೆಗೆ ಸೈಕಲ್ ತುಳಿಯುವ ಬಾಲಕಿಗೆ, ಕೋಲೂರುವ ಮುದುಕನಿಗೆ ಏಕೆ ಸಲ್ಲಬಾರದು?

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ ಪಾದಚಾರಿಗಳು 32,825. ಇದನ್ನು ಅವರವರ ಕರ್ಮಫಲವೆಂದು ಹೇಳಿ ಸುಮ್ಮನಾಗುವುದು ಧರ್ಮವನ್ನು ತಪ್ಪಾಗಿ ತಿಳಿದಂತೆ. ಪ್ರಮಾದದಿಂದಾಗುವ ಪ್ರಾಣಹಾನಿಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಆ ದೋಷ ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಲ್ಲಿ ಅಂಟುತ್ತದೆ. ಅಜಾಗರೂಕತೆಯಿಂದ ವಾಹನ ಓಡಿಸಿದವನದು ಕೃತ. ನಡೆಯುವವರಿಗೆ ಜಾಗ ಬಿಡದೆ ರಸ್ತೆ ಅಗಲ ಮಾಡಿಸಿದವನದು ಕಾರಿತ. ಊರು ಬೆಳೆಯಿತೆಂದು ಅದನ್ನು ಕೊಂಡಾಡಿದ ನಾವು ಅನುಮೋದಕರು.

ಹಾಗಾದರೆ ಕರ್ತವ್ಯವೇನು? ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲದ, ಅಡೆತಡೆಯಿಲ್ಲದ ಕಾಲುದಾರಿಯನ್ನು ಕೇಳುತ್ತದೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರಿದ್ದರೆ ಗಾಲಿಕುರ್ಚಿ ಸರಾಗವಾಗಿ ಸಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇಂತಹ ಸೌಕರ್ಯವನ್ನು ಹಕ್ಕೆಂದು ಒಪ್ಪಿದೆ. ಅಡ್ಡಿಯಿಲ್ಲದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾದ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಸಾರಿದೆ. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಆದರೆ ನಿಲ್ದಾಣದಿಂದ ಮನೆಯವರೆಗಿನ ದಾರಿ ನಿರ್ಭಯವಾಗದಿದ್ದರೆ ಆ ಪ್ರಯಾಣ ಅರ್ಧಕ್ಕೇ ನಿಂತಂತೆ.

ಕಾಲುದಾರಿ ಮಾಡಿದರೆ ಬೀದಿಬದಿಯ ಬಡ ವ್ಯಾಪಾರಿ ಎಲ್ಲಿಗೆ ಹೋಗಬೇಕೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಒಬ್ಬರಿಗೆ ಅಭಯ ಕೊಡಲು ಇನ್ನೊಬ್ಬರ ಅನ್ನ ಕಸಿಯುವುದು ಅಹಿಂಸೆಯಲ್ಲ. ಅವನಿಗೆ ಗೊತ್ತಾದ ಸ್ಥಳ ಕೊಡಬೇಕೆಂದು 2014ರ ಕಾಯಿದೆಯೇ ಹೇಳುತ್ತದೆ. ಬೀದಿಯಲ್ಲಿ ಹೆಚ್ಚು ಜಾಗ ನುಂಗುವುದು ತಳ್ಳುಗಾಡಿಯಲ್ಲ, ದಿನವಿಡೀ ನಿಂತ ಕಾರು. ತನ್ನ ಅಗತ್ಯಕ್ಕಿಂತ ಹೆಚ್ಚಿನ ಸಾರ್ವಜನಿಕ ನೆಲವನ್ನು ಹಿಡಿದಿಡುವುದೂ ಪರಿಗ್ರಹವೇ.

ಬಸದಿಗಳ ಆಡಳಿತ ಮಂಡಳಿಗಳು ಈ ಕಾರ್ಯವನ್ನು ತಮ್ಮ ಹೊಸ್ತಿಲಿನಿಂದಲೇ ಆರಂಭಿಸಬಹುದು. ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರು, ಪೂಜಾದಿನಗಳಲ್ಲಿ ಕಾಲುದಾರಿಯನ್ನು ಬಿಟ್ಟು ವಾಹನ ನಿಲ್ಲಿಸುವ ಶಿಸ್ತು, ಸೈಕಲ್ಲಿಗೊಂದು ನೆರಳು, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೊಂದು ಮನವಿ: ಇವು ಹೆಚ್ಚಿನ ಖರ್ಚಿನವಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಅಭಯದಾನವನ್ನು ಹೇಗೆ ಕೊಡಬೇಕೆಂದು ಕೇಳುವ ಶ್ರಾವಕರಿದ್ದಾರೆ. ಹೆದರಿಕೆಯಿಲ್ಲದೆ ನಡೆಯಬಲ್ಲ ನಾಲ್ಕು ಮೊಳ ನೆಲವನ್ನು ಊರಿಗೆ ಒದಗಿಸುವುದು ಅದಕ್ಕೊಂದು ಉತ್ತರ.